ಅಮ್ಮ ಒಳಗೆ ಬಾರದ ಮದುವೆಗಳು

ಅಪ್ಪ ತೀರಿಕೊಂಡಾಗ ನಾನೂ ತಂಗಿಯೂ ಇನ್ನೂ ಶಾಲೆಯಲ್ಲಿದ್ದೆವು. ಅಮ್ಮ ಮುಳಬಾಗಿಲಿನ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿದು ನಮ್ಮಿಬ್ಬರನ್ನೂ ಓದಿಸಿದಳು. ಮದುವೆಯ ಕಾಲ ಬಂತೆಂದರೆ ಮನೆ ತುಂಬ ಬೇರೆ ಬೇರೆ ಮದುಮಕ್ಕಳ ರೇಷ್ಮೆ ಬಟ್ಟೆ.

ಆವನಿಯ ಛತ್ರದಲ್ಲಿ ನನ್ನ ಮದುವೆ ಆಯಿತು. ಧಾರೆ ಎರೆಯಲು ಕೂತವರು ದೊಡ್ಡಪ್ಪ, ದೊಡ್ಡಮ್ಮ. ಅಮ್ಮನೇ ಎರೆಯಬೇಕು ಎಂದು ನಾನು ಹಟ ಹಿಡಿದಿದ್ದೆ. "ಸುಮ್ನಿರೇ, ನಿನ್ ಬಾಳು ಚೆನ್ನಾಗಿರ್ಬೇಕು ಕಣೇ," ಎಂದು ಬಾಯಿ ಮುಚ್ಚಿಸಿದ್ದು ಅಮ್ಮನೇ.

ಗಂಡಿನವರು ರಾಯಲ್ಪಾಡಿನ ಕಡೆಯ ತೆಲುಗು ಮಾತಿನವರು. ಅವರಲ್ಲಿ ಮುಹೂರ್ತಕ್ಕೆ ಸರಿಯಾಗಿ ಗಂಡು ಹೆಣ್ಣು ಒಬ್ಬರ ನೆತ್ತಿಯ ಮೇಲೊಬ್ಬರು ಜೀರಿಗೆ ಬೆಲ್ಲ ಇಟ್ಟು ಒತ್ತಿ ಹಿಡಿಯಬೇಕು. ನಮ್ಮವರಿಗೆ ಧಾರೆಯೇ ಮದುವೆ. ಯಾವುದು ಮೊದಲು ಎಂದು ಎರಡೂ ಕಡೆಯ ಪುರೋಹಿತರು ಸಾಕಷ್ಟು ಹೊತ್ತು ವಾದ ಮಾಡಿದರು. ಗಂಡ ಸತ್ತವಳು ಮಂಟಪದ ಹತ್ತಿರ ಬರಬಾರದು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ವಾದವಿರಲಿಲ್ಲ. ಗಂಡನ ತಾಯಿಯೊಬ್ಬರೇ ಅಮ್ಮನಿದ್ದ ಉಗ್ರಾಣದ ಬಾಗಿಲಿಗೆ ಹೋಗಿ, "ರಾ ವದಿನಾ, ಅಕ್ಷಿಂತಲು ವೆಯ್ಯಿ," ಎಂದು ಅಕ್ಷತೆ ಹಾಕಲು ಕರೆದರಂತೆ. ಅಮ್ಮ ಕೈಮುಗಿದು, ತೆಂಗಿನಕಾಯಿ ಮೂಟೆಗಳ ಪಕ್ಕದಲ್ಲೇ ನಿಂತಳಂತೆ.

ತಂಗಿ ಲಕ್ಕೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಜೊತೆಯಲ್ಲಿದ್ದ ಕ್ರೈಸ್ತರ ಹುಡುಗನನ್ನು ಮೆಚ್ಚಿದಳು. ದೊಡ್ಡಪ್ಪ ಸಂಬಂಧವನ್ನೇ ಕಡಿದುಕೊಂಡರು. ಅಮ್ಮ ಅತ್ತು ಕರೆದು ಕೊನೆಗೆ ಒಪ್ಪಿದಳು. ಮಾಲೂರಿನ ಚರ್ಚಿನಲ್ಲಿ ಮದುವೆ ಎಂದಾಯಿತು. ಅಲ್ಲಿ ಮದುಮಗಳನ್ನು ಅಪ್ಪ ಕೈಹಿಡಿದು ಒಳಗೆ ಕರೆತರುತ್ತಾನೆ. ತಂಗಿ ಪಾದ್ರಿಯನ್ನು ಕೇಳಿದಾಗ, "ತಾಯಿ ಇದ್ದಾರಲ್ಲಮ್ಮ, ಅವ್ರೇ ಕರ್ಕೊಂಡ್ ಬರ್ಲಿ," ಎಂದರಂತೆ. ಅವಳು ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡು, "ಅಲ್ಲಿ ಯಾರೂ ನಿನ್ನ ಆಚೆ ನಿಲ್ಸಲ್ಲ ಕಣಮ್ಮ," ಎಂದಳು. ಅಮ್ಮ ನಕ್ಕಳು. ಮದುವೆ ಹೆಣ್ಣಿಗೆ ಬಿಳಿ ಬಟ್ಟೆಯೇ ಎಂದು ಅಳುಕುತ್ತಲೇ ಬಿಳಿ ರವಿಕೆಗೆ ಕತ್ತರಿ ಹಾಕಿದಳು.

ಮದುವೆಯ ದಿನ ತಂಗಿಯ ಕೈಹಿಡಿದು ಮೆಟ್ಟಿಲವರೆಗೂ ಬಂದಳು. ಹೊಸ್ತಿಲ ಹತ್ತಿರ ಕೈ ಬಿಟ್ಟಳು.

"ನೀವ್ ಹೋಗ್ರಿ, ನಾನ್ ಇಲ್ಲೇ ಇರ್ತೀನಿ."

"ಅಮ್ಮಾ, ಇವ್ರಲ್ಲಿ ಆ ಶಾಸ್ತ್ರ ಇಲ್ಲಮ್ಮ," ಎಂದಳು ತಂಗಿ.

"ಅವ್ರಿಗಿಲ್ದೇ ಇರ್ಬೋದು. ನಂಗೈತಲ್ಲ."

ಒಳಗೆ ಹಾಡು ಶುರುವಾಗಿತ್ತು. ತಂಗಿಯ ಕೈಹಿಡಿದು ನಾನೇ ನಡೆದೆ. ಉಂಗುರ ತೊಡಿಸಿದ ಮೇಲೆ ಶಿಲುಬೆಯ ಗುರುತಿನ ತಾಳಿ ಕಟ್ಟುವುದಿತ್ತು. ಆಗ ತಿರುಗಿ ನೋಡಿದೆ. ಹೊರಗೆ ಬಿಸಿಲಿನಲ್ಲಿ ಅಮ್ಮ ನಮಗೆ ಬೆನ್ನು ಹಾಕಿ ನಿಂತಿದ್ದಳು.

ಮರುವರ್ಷ ತಂಗಿಗೆ ಏಳು ತಿಂಗಳು ತುಂಬುವ ಮೊದಲೇ ಮಗು ಹೊಟ್ಟೆಯಲ್ಲೇ ಹೋಯಿತು. ಕೋಲಾರದ ಆಸ್ಪತ್ರೆಗೆ ಬಂದ ಅಮ್ಮ ಮಂಚದ ಹತ್ತಿರವೂ ಬಾರದೆ, "ಚರ್ಚ್ ಬಾಗ್ಲ ತನಕ ಹೋಗಿದ್ದೇ ತಪ್ಪಾಯ್ತು," ಎಂದಳು. ಅಲ್ಲಿಯವರೆಗೆ ಕಣ್ಣೀರೇ ಹಾಕದಿದ್ದ ತಂಗಿ, "ಹೋಗಮ್ಮ! ಹೋಗ್ಬಿಡು ಇಲ್ಲಿಂದ!" ಎಂದು ಕಿರುಚಿದಳು. ಅದು ಸಂಕಟದ ಮಾತು. ಅಮ್ಮ ಅದನ್ನು ತೀರ್ಪಿನಂತೆ ತೆಗೆದುಕೊಂಡಳು. ತಂಗಿ ಫೋನಿನಲ್ಲಿ ಎಷ್ಟು ಸಲ ಅತ್ತರೂ ಮತ್ತೆ ಅವಳ ಮನೆಗೆ ಹೋಗಲಿಲ್ಲ.

ಆಮೇಲೆ ತಂಗಿಗೆ ಹೆಣ್ಣು ಮಗುವಾಯಿತು. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಕಳೆದ ಯುಗಾದಿಗೆ ನಾನು ಅಮ್ಮನ ಮನೆಯಲ್ಲಿದ್ದಾಗ ತಂಗಿ ಅದನ್ನು ಕರೆದುಕೊಂಡು ಮುಳಬಾಗಿಲಿಗೆ ಬಂದಳು. ಅಮ್ಮ ಒಬ್ಬಟ್ಟು ಮಾಡಿಟ್ಟು, ಇವರು ಬರುವ ಸದ್ದು ಕೇಳಿದೊಡನೆ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಮಗು "ಅಜ್ಜೀ" ಎಂದು ಬಾಗಿಲು ತಟ್ಟಿತು. ಮೊದಮೊದಲು ಅದಕ್ಕೆ ಆಟವೆನಿಸಿರಬೇಕು, ನಗುತ್ತಿತ್ತು. ಕೊನೆಗೆ ಸುಸ್ತಾಗಿ ಕೂತಿತು. ತಂಗಿ ಏನನ್ನೂ ತಿನ್ನದೆ ಮಗುವನ್ನೆತ್ತಿಕೊಂಡು ಬಸ್ಸಿಗೆ ಹೊರಟಳು.

ಅವರು ಹೋದ ಮೇಲೆ ಅಮ್ಮ ಬಾಗಿಲು ತೆಗೆದಳು. ಕಣ್ಣು ಊದಿಕೊಂಡಿದ್ದವು. "ಇನ್ನೆಷ್ಟ್ ವರ್ಷ ಹಿಂಗೇ ಅಮ್ಮಾ?" ಎಂದೆ.

"ಮಗು ಗಟ್ಟಿಮುಟ್ಟಾಗೈತಲ್ವಾ?" ಎಂದು ಕೇಳಿದಳು. ಹೌದೆಂದೆ.

"ನೋಡು ಮತ್ತೆ," ಎಂದಳು ಅಮ್ಮ.