ಹಾಡುವವರಿಗೆ ಒಂದು ಟವೆಲ್

ನಮ್ಮ ಮನೆಯ ಕಪಾಟಿನಲ್ಲಿ ಒಂದು ಖಾನೆ ಪೂರ್ತಿ ಟವೆಲ್‌ಗಳಿಗೆ ಮೀಸಲು. ಎಲ್ಲವೂ ಒಂದೇ ಬಗೆಯವು: ಬಿಳಿ ಮೈ, ಕೆಂಪು ಅಂಚು, ಒಗೆದಷ್ಟೂ ದಪ್ಪಗಾಗುವ ಜಾತಿ. ಮೊನ್ನೆ ಮೊನ್ನೆಯವರೆಗೂ ಅವುಗಳಲ್ಲಿ ಒಂದನ್ನೂ ನಾನು ಬಳಸಲು ಬಿಟ್ಟಿರಲಿಲ್ಲ. "ಇವನ್ನೇನು ಪೂಜಿಗೆ ಇಟ್ಟೀರೇನು? ಅಡಿಗಿ ಮನ್ಯಾಗ ಕೈ ಒರೆಸಾಕ ಒಂದು ಅರಿವಿ ಇಲ್ಲ" ಎಂದು ಹೆಂಡತಿ ಕಪಾಟು ಝಾಡಿಸುವಾಗಲೆಲ್ಲ ಗೊಣಗುತ್ತಿದ್ದಳು. ನಾನು ಕೇಳಿಸದವನಂತೆ ಇರುತ್ತಿದ್ದೆ. ಅವು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲರು ವರ್ಷಕ್ಕೊಂದರಂತೆ ನನ್ನ ಹೆಗಲಿಗೆ ಹಾಕಿದ ಆಯಾರ.

ನಮ್ಮ ಕಡೆ ನಾಟಕವಿರಲಿ, ಭಜನೆಯಿರಲಿ, ಮೆಚ್ಚಿದವರು ನಡುವೆಯೇ ವೇದಿಕೆ ಹತ್ತಿ ಕಲಾವಿದರಿಗೆ ಬಟ್ಟೆಯೋ ಹಾರವೋ ಆಯಾರ ಮಾಡುತ್ತಾರೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂದು ಆಗಲೇ ಮೈಕಿನಲ್ಲಿ ಕೂಗಿ ಹೇಳಬೇಕು. ಹೇಳದಿದ್ದರೆ ಅದು ಮುಟ್ಟಿದ ಹಾಗಲ್ಲ. ನಾವು ರಾಕ್ ಬ್ಯಾಂಡಿನವರು, ಉದ್ದ ಕೂದಲು, ಕಪ್ಪು ಅಂಗಿ, ಇಂಥದ್ದಕ್ಕೆಲ್ಲ ಮೂಗು ಮುರಿಯುವ ವಯಸ್ಸು. ವರ್ಷಕ್ಕೊಮ್ಮೆ ಬ್ಯಾಡಗಿ ಪೇಟೆಯಲ್ಲಿ ನಮ್ಮ ಕಾರ್ಯಕ್ರಮ. ಮೊದಲ ಸಲ ಅಲ್ಲಿ ಗಿಟಾರ್ ಭೋರ್ಗರೆಯುತ್ತಿದ್ದಾಗ ಒಬ್ಬ ಹಿರಿಯ ಹಮಾಲ ಸೀದಾ ಬಂದು ನನ್ನ ಹೆಗಲಿಗೆ ಟವೆಲ್ ಹೊದಿಸಿದಾಗ ಏನು ಮಾಡಬೇಕೆಂದು ತಿಳಿಯದೆ ಬಾಯಿ ಬಿಟ್ಟು ನಿಂತಿದ್ದೆ. ಡ್ರಮ್ಮಿನ ಹಿಂದಿದ್ದ ಗೆಳೆಯನೇ ಮೈಕ್ ಎಳೆದುಕೊಂಡು "ಹಮಾಲರ ಕಡೆಯಿಂದ ಹಾಡುವವರಿಗೆ ಒಂದು ಟವೆಲ್" ಎಂದು ಕೂಗಿದ. ಅಂದಿನಿಂದ ಆ ಟವೆಲ್ ಬರದಿದ್ದರೆ ನನಗೆ ಆ ವರ್ಷ ಹಾಡಿದ ಹಾಗೇ ಅನ್ನಿಸುತ್ತಿರಲಿಲ್ಲ.

ಟವೆಲ್ ಬಂದದ್ದು ಒಂದು ಹಾಡಿನ ಸಲುವಾಗಿ. ನಮ್ಮ ತಂದೆ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದಿನಾ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದ ನಾನು ಪೇಟೆಯಲ್ಲೇ ಬೆಳೆದವನು. ಹಮಾಲರು ಒಬ್ಬರ ಬೆನ್ನಿಗೆ ಇನ್ನೊಬ್ಬರು ಚೀಲ ಏರಿಸುವಾಗ ಹಾಕುವ ಕೂಗು ಕಿವಿಯಲ್ಲೇ ಉಳಿದಿತ್ತು. ಕಾಲೇಜಿನಲ್ಲಿದ್ದಾಗ ಅದನ್ನೇ ಹಿಡಿದು 'ಚೀಲದ ಹಾಡು' ಕಟ್ಟಿದೆ. ಕೊನೆಯಲ್ಲಿ 'ಏರಿಸೋ' ಎಂಬ ಮಾತಿನ ಓಕಾರವನ್ನು ಮೇಲಿನ ಸ್ವರದಲ್ಲಿ ಹಿಡಿದು ನಿಲ್ಲಬೇಕು. ಹಮಾಲರು ಅದಕ್ಕೆ ತಮ್ಮದೇ ಒಂದು ಆಟ ಹಚ್ಚಿಕೊಂಡರು. ಸ್ವರ ಶುರುವಾದ ಕೂಡಲೇ ಅವರಲ್ಲೊಬ್ಬ ತುಂಬಿದ ಚೀಲ ಹೊತ್ತು ವೇದಿಕೆಯ ಮುಂದೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಚೀಲ ಇಳಿಯುವವರೆಗೆ ಹಾಡುವವನ ಉಸಿರು ತಪ್ಪಬಾರದು. ಕೆಲವರು ಬೇಕೆಂದೇ ಮದುಮಗಳ ಹಾಗೆ ಹೆಜ್ಜೆ ಇಡುತ್ತಿದ್ದರು. ನಾನು ಒಂದು ವರ್ಷವೂ ತಪ್ಪಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಗಂಟಲಿನಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಅದನ್ನು ತೆಗೆದು, "ಮಾತಾಡ್ರಿ, ವ್ಯಾಪಾರ ಮಾಡ್ರಿ, ಮನ್ಯಾಗ ಜಗಳಾನೂ ಮಾಡ್ರಿ. ಹಾಡೂದೊಂದು ಬಿಡ್ರಿ" ಎಂದರು. ಹಾವೇರಿಯಲ್ಲಿ ನನ್ನದು ಕನ್ನಡಕದ ಅಂಗಡಿ. ಗಿರಾಕಿಗಳೊಂದಿಗೆ ಮಾತಾಡಲು ಉಳಿದ ದನಿ ಸಾಕಿತ್ತು. ಗೇರು ಬೀಳದ ಹಳೇ ಬಸ್ಸಿನ ಹಾಗೆ ಅದು ಕರಕರ ಎನ್ನುತ್ತಿತ್ತು. ಅದರಲ್ಲಿ ಹಾಡು ಮಾತ್ರ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಬೇಸ್ ಗಿಟಾರಿನವನೂ ಮಂಗಳೂರಿಗೆ ವರ್ಗವಾಗಿ ಹೋದ. ಬ್ಯಾಂಡ್ ಅರ್ಧಕ್ಕರ್ಧ ಖಾಲಿಯಾಯಿತು.

ಹೊಸ ಹಾಡುಗಾರ್ತಿಯನ್ನು ಹುಡುಕಿ ತಂದವನು ಡ್ರಮ್ಮಿನ ಗೆಳೆಯ. ಅವನಿಗೆ ರಾಣೆಬೆನ್ನೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯಿದೆ. ನಮ್ಮ ತಾಲೀಮು ನಡೆಯುವುದು ಅದರ ಹಿಂದಿನ ಕೋಣೆಯಲ್ಲಿ. ಆಕೆ ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರು, ಮೂವತ್ತೈದರ ಆಸುಪಾಸು. ಮೈದಾನದ ಈ ಮೂಲೆಯಲ್ಲಿ ನಿಂತು "ಸಾಲಾಗಿ ನಿಂದರ್ರಿ" ಎಂದರೆ ಆ ಮೂಲೆಯ ಮಕ್ಕಳು ನೆಟ್ಟಗಾಗುತ್ತಿದ್ದರಂತೆ. ಜೊತೆಗೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ತುಮಕೂರಿನವನೊಬ್ಬ ಬೇಸ್ ಗಿಟಾರಿಗೆ ಬಂದ. ನನಗೆ ಹೊಸ ಕೆಲಸ ಸಿಕ್ಕಿತು. ಕೆಳಗೆ ಜನರ ನಡುವೆ ಮಿಕ್ಸರ್ ಮುಂದೆ ಕೂತು, ಓದುವ ಕನ್ನಡಕ ಏರಿಸಿ, ಯಾರ ದನಿ ಎಷ್ಟು ಕೇಳಬೇಕೆಂದು ನೋಡಿಕೊಳ್ಳುವುದು.

ತಾಲೀಮಿನ ಮೊದಲ ದಿನವೇ ಆಕೆ ಚೀಲದ ಹಾಡಿಗೆ ಬಂದು ನಿಂತಳು.

"ಅಣ್ಣಾರ, ಈ ಓಕಾರ ಎಷ್ಟೊತ್ತು ಹಿಡೀಬೇಕ್ರಿ?"

"ಚೀಲ ಇಳಿಯೂಮಟ, ತಂಗಿ."

"ಹಂಗಾರ ಹೊರಾವ ಹೆಂಗ ನಡೀತಾನ ಅನ್ನೂದರ ಮ್ಯಾಲೆ ಐತಿ."

"ಅವ ನಡದಂಗ ನಾವು. ನಮ್ಮ ಕೈಯಾಗ ಏನಿಲ್ಲ."

ಆಮೇಲೆ ಒಂದು ಮುಂಜಾನೆ ಆಕೆಯ ಶಾಲೆಯ ಕಾಂಪೌಂಡ್ ಬದಿಯಿಂದ ಹೋಗುವಾಗ ಒಳಗೆ ಕಣ್ಣು ಹಾಯಿಸಿದೆ. ಸಾಲಾಗಿ ನಿಂತ ಮಕ್ಕಳ ಮುಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, 'ಓ' ಎನ್ನುತ್ತ ಮೈದಾನದ ಅಂಚಿನುದ್ದಕ್ಕೂ ನಡೆಯುತ್ತಿದ್ದಳು. ಮಕ್ಕಳು ನಗು ತಡೆದು ತಡೆದು ಕೆಂಪಾಗಿದ್ದವು.

ಪರದೇಶದ ಬ್ಯಾಂಡುಗಳು ಟೂರ್ ಎಂದರೆ ಖಂಡ ಸುತ್ತುತ್ತವೆ. ನಮ್ಮ ಟೂರು ಒಂದೇ ಜಿಲ್ಲೆಯೊಳಗೆ, ಅದೂ ಭಾನುವಾರ ಮಾತ್ರ. ಟೀಚರಿಗೆ ರಜೆ ಇರಬೇಕಲ್ಲ. ಮೊದಲು ಹಾವೇರಿ, ಆಮೇಲೆ ರಾಣೆಬೆನ್ನೂರು, ಕೊನೆಗೆ ಬ್ಯಾಡಗಿ. ಟೆಂಪೊದಲ್ಲಿ ಸ್ಪೀಕರ್ ಏರಿಸುವಾಗಲೇ ಡ್ರಮ್ಮಿನ ಗೆಳೆಯ ಹೇಳಿಬಿಟ್ಟಿದ್ದ: "ಬ್ಯಾಡಗಿ ಮಂದಿ ಈಕಿನ್ನ ಒಪ್ಪಿದ್ರ ಬ್ಯಾಂಡ್ ಐತಿ. ಇಲ್ಲಂದ್ರ ನಾ ಡ್ರಮ್ ಮಾರಿ ಇನ್ನೊಂದು ವೈಂಡಿಂಗ್ ಮಷಿನ್ ತಗೋತೀನಿ." ಅವನು ತಮಾಷೆ ಮಾಡುವ ಆಸಾಮಿಯಲ್ಲ.

ಹಾವೇರಿಯಲ್ಲಿ ನಾನೇ ಮೈಕ್ ಹಿಡಿದು, "ಇಂದು ನನ್ನ ಬದಲಿಗೆ ಹಾಡುವವರು ಇವರು" ಎಂದು ಪರಿಚಯಿಸಿದೆ. ಆಕೆ ಚೆನ್ನಾಗಿ ಹಾಡಿದಳು. ಆದರೆ ಪ್ರತಿ ಹಾಡು ಮುಗಿದಾಗಲೂ ಜನ ಮೊಬೈಲ್ ಹಿಡಿದು ನನ್ನ ಕಡೆ ತಿರುಗುತ್ತಿದ್ದರು. "ನೀವೊಂದು ಅನ್ರಿ, ನೀವು" ಎಂದು ಹಿಂದಿನಿಂದ ಕೂಗುತ್ತಿದ್ದರು. ಬೇಸರವಾಯಿತು ಎಂದರೆ ಸುಳ್ಳಾಗುತ್ತದೆ, ಒಳಗೊಳಗೇ ಖುಷಿಯಾಗಿತ್ತು. ಸಾಮಾನು ಕಟ್ಟುವಾಗ ಆಕೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಣ್ಣಾರ, ಬದಲಿ ಅನ್ನಬ್ಯಾಡ್ರಿ. ಸಾಲ್ಯಾಗ ಯಾರರ ರಜಾ ಹಾಕಿದ್ರ ಅವರ ಕ್ಲಾಸಿಗೆ ನನ್ನ ಬದಲಿ ಅಂತ ಕಳಸ್ತಾರ. ಹುಡುಗ್ರು ಪುಸ್ತಕ ಸೈತ ತಗಿಯೂದಿಲ್ರಿ."

ನಾನು "ಆತು ಬಿಡು" ಎಂದೆ. ಆದರೆ ಅದರ ಜಾಗದಲ್ಲಿ ಯಾವ ಮಾತು ಹೇಳಬೇಕೋ ಅದು ಇನ್ನೂ ನನ್ನ ಬಾಯಿಗೆ ಬಂದಿರಲಿಲ್ಲ.

ರಾಣೆಬೆನ್ನೂರಿನಲ್ಲಿ ಕೂಗುವವರು ಕಡಿಮೆ. ಅಲ್ಲಿ ಬೇರೆಯೇ ಆಯಿತು. ಮೂರನೆಯ ಹಾಡಿಗೆ ಸಂಘಟಕರ ಮನೆಯ ಹೆಣ್ಣುಮಕ್ಕಳು ವೇದಿಕೆ ಹತ್ತಿದರು. ಆಕೆಗೆ ಅರಿಶಿನ ಕುಂಕುಮ ಹಚ್ಚಿ, ರವಿಕೆಗೆಂದು ಕುಬಸದ ಕಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದರು. "ಊರಿಗೆ ಬಂದ ಹೆಣ್ಣುಮಗಳು, ಬರಿಗೈಲೆ ಕಳಸಬಾರದು" ಎಂದರು. ಆಕೆ ತಲೆ ಬಾಗಿಸಿ ತೆಗೆದುಕೊಂಡು, ತೆಂಗಿನಕಾಯಿಯನ್ನು ಡ್ರಮ್ಮಿನ ಪಕ್ಕದಲ್ಲಿಟ್ಟು ಹಾಡು ಮುಂದುವರಿಸಿದಳು. ಡ್ರಮ್ಮಿನ ಹೊಡೆತಕ್ಕೆ ಅದು ಉರುಳುರುಳಿ ಬೇಸ್ ಗಿಟಾರಿನವನ ಕಾಲಿಗೆ ಬಂತು. ಮರಳುವಾಗ ಟೆಂಪೊದಲ್ಲಿ ನಾವೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ಆಕೆ ನಗಲಿಲ್ಲ.

"ಉಡಿ ತುಂಬಿದ್ರು, ಖುಷಿ ಆತ್ರಿ. ನಮ್ಮವ್ವ ಇದ್ದಂಗ ಇದ್ರು ಅವ್ರು. ಆದ್ರ ಹಾಡು ಹೆಂಗಿತ್ತು ಅಂತ ಒಬ್ರೂ ಅನ್ನಲಿಲ್ಲ."

ನಮ್ಮ ನಗು ಅಲ್ಲಿಗೇ ನಿಂತಿತು. ಬ್ಯಾಡಗಿ ಹಮಾಲರು ಆಕೆಗೆ ಏನು ಕೊಡುತ್ತಾರೆ ಎಂಬ ಯೋಚನೆ ನನ್ನ ತಲೆಗೆ ಹೊಕ್ಕಿದ್ದೂ ಆಗಲೇ. ಆ ವಾರವೆಲ್ಲ ಗಿರಾಕಿಗಳ ಕಣ್ಣು ನೋಡುತ್ತಿದ್ದರೂ ಲಕ್ಷ್ಯ ಅಲ್ಲಿರಲಿಲ್ಲ.

ಬ್ಯಾಡಗಿಗೆ ಹೋಗುವಾಗ ಮೋಟೆಬೆನ್ನೂರಿನ ಹತ್ತಿರ ಹೈವೇ ಬಿಟ್ಟು ಒಳಗೆ ತಿರುಗಿದರೆ ಸಾಕು, ಹಂಗಾಮಿನಲ್ಲಿ ಗಾಳಿಗೇ ಖಾರ ಬಂದಿರುತ್ತದೆ. ತುಮಕೂರಿನ ಹುಡುಗ ಅಲ್ಲಿಂದಲೇ ಸೀನಲು ಶುರು ಮಾಡಿದ. ಕಾರ್ಯಕ್ರಮ ಇದ್ದದ್ದು ಪೇಟೆಯೊಳಗೆ, ಟೆಂಡರ್ ನಡೆಯುವ ದೊಡ್ಡ ತಗಡಿನ ಚಪ್ಪರದ ಕೆಳಗೆ. ರಜೆಯ ದಿನವಾದ್ದರಿಂದ ಚೀಲಗಳನ್ನು ಸರಿಸಿ ಗುಡಿಸಿಟ್ಟಿದ್ದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹಮಾಲರು, ದಲಾಲರು, ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವ ಹೆಣ್ಣುಮಕ್ಕಳು ಎಲ್ಲ ಬಂದು ಕೂತರು. ಹೆಣ್ಣುಮಕ್ಕಳು ಯಾವಾಗಲೂ ಹಿಂದೆ ನಿಂತು ಕೇಳುತ್ತಿದ್ದವರು, ಈ ಸಲ ಮುಂದೆ ಕೂತಿದ್ದರು.

ಗುಡಿಸಿದ್ದು ನೆಲವನ್ನು ಮಾತ್ರ, ತಗಡಿನ ಕೆಳಗಿನ ಕಬ್ಬಿಣದ ತೊಲೆಗಳನ್ನಲ್ಲ. ಡ್ರಮ್ಮಿನ ಮೊದಲ ಗುದ್ದಿಗೆ, ಬೇಸಿನ ಮೊದಲ ನಡುಕಕ್ಕೆ, ತೊಲೆಗಳ ಮೇಲೆ ಕೂತಿದ್ದ ಕೆಂಪು ಧೂಳೆಲ್ಲ ನೇರ ನಮ್ಮ ತಲೆಯ ಮೇಲೆ ಇಳಿಯಿತು. ವೇದಿಕೆ, ಜನ, ಮಿಕ್ಸರ್ ಎಲ್ಲ ಒಟ್ಟಿಗೆ ಕೆಮ್ಮತೊಡಗಿದವು. ತುಮಕೂರಿನ ಹುಡುಗ ಗಿಟಾರ್ ಕೆಳಗಿಟ್ಟು ನಲ್ಲಿ ಹುಡುಕಿಕೊಂಡು ಓಡಿದ. ಹಮಾಲರು ಕೆಮ್ಮುತ್ತಲೇ ಹೊಟ್ಟೆ ಹಿಡಿದು ನಕ್ಕರು. ನಾನು ಓಡಿ ಹೋಗಿ ಆಕೆಯ ಕೈಗೆ ನನ್ನ ಕಿಸೆಯಲ್ಲಿದ್ದ ಬೆಲ್ಲದ ತುಣುಕು ಕೊಟ್ಟೆ. ಪೇಟೆಯಲ್ಲಿದ್ದಷ್ಟು ಕಾಲ ಖಾರಕ್ಕೆ ಮದ್ದೆಂದು ನಮ್ಮ ತಂದೆಯ ಅಂಗಿ ಕಿಸೆಯಲ್ಲೂ ಅದು ಸದಾ ಇರುತ್ತಿತ್ತು.

"ಗಂಟಲ ಹಿಡೀತಂದ್ರ ಚೀಲದ ಹಾಡು ಬಿಟ್ಟಬಿಡು ತಂಗಿ. ಯಾರೂ ಏನೂ ಅನ್ನೂದಿಲ್ಲ."

"ಯಾರೂ ಏನೂ ಅನ್ನೂದಿಲ್ಲ ಅಂತನ ಹಾಡೂದ್ರಿ" ಎಂದು ಆಕೆ ಬೆಲ್ಲ ಬಾಯಿಗೆ ಹಾಕಿಕೊಂಡಳು.

ಧೂಳು ಇಳಿದ ಮೇಲೆ ಮತ್ತೆ ಶುರು ಮಾಡಿದೆವು. ಕೊನೆಗೆ ಚೀಲದ ಹಾಡು ಬಂತು. ನಾನು ಮಿಕ್ಸರ್ ಮೇಲೆ ಕೈಯಿಟ್ಟು ಕುಳಿತಿದ್ದೆ. 'ಏರಿಸೋ' ಎಂದು ಆಕೆ ಮೇಲಿನ ಸ್ವರಕ್ಕೆ ಹೋಗಿ ನಿಂತಳು. ಗೆಳೆಯ ಡ್ರಮ್ಮಿನ ಮೇಲೆ ಎಡೆಬಿಡದೆ ಕಡ್ಡಿ ಆಡಿಸತೊಡಗಿದ. ಒಬ್ಬ ಗಟ್ಟಿಮುಟ್ಟಾದ ಹಮಾಲ ಚೀಲ ಹೊತ್ತು ಹೊರಟ. ನೋಡಿದರೆ ಚೀಲ ಅರ್ಧವೇ ತುಂಬಿತ್ತು. ಅವನ ಹೆಜ್ಜೆಯೋ, ಬಸ್ ತಪ್ಪೀತೆಂದು ಓಡುವವರ ಹೆಜ್ಜೆ. ನನ್ನ ಕಾಲದಲ್ಲಿ ಒಂದು ದಿನವೂ ಅವರು ಹೀಗೆ ನಡೆದಿರಲಿಲ್ಲ. ಹೆಣ್ಣುಮಗಳು, ಪಾಪ, ಉಸಿರು ಕಟ್ಟಬಾರದು ಎಂದು ಎಲ್ಲರೂ ಸೇರಿ ಮಾಡಿದ ಒಳ್ಳೆಯತನ ಅದು. ನನಗೆ ಮೈಯೆಲ್ಲ ಉರಿಯಿತು.

ಆಕೆಗೂ ಅದು ಕಂಡಿತು. ಅವನು ಆ ತುದಿ ಮುಟ್ಟಿ ಚೀಲ ಇಳಿಸಲು ಬಾಗಿದ. ಆಕೆ ಸ್ವರ ಬಿಡದೆ ಬಲಗೈ ಎತ್ತಿ, ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. ಶಾಲೆಯ ಮೈದಾನದಲ್ಲಿ ನಿಂತವರಿಗೆಲ್ಲ ಆ ಬೆರಳು ಗೊತ್ತು: ಹಿಂದೆ ತಿರುಗು. ಅವನು ಬಾಗಿದವನು ಹಾಗೇ ನೆಟ್ಟಗಾಗಿ, ತನಗೇ ಗೊತ್ತಿಲ್ಲದ ಹಾಗೆ ತಿರುಗಿದ. ಆಕೆ ಅಂಗೈ ಕೆಳಗೆ ಮಾಡಿ 'ಸಾವಕಾಶ' ಎಂಬಂತೆ ಎರಡು ಸಲ ಆಡಿಸಿದಳು. ಅವನು ಸಾವಕಾಶ ನಡೆದ. ಮುಂದೆ ಕೂತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಎದ್ದು ನಿಂತರು. ಗೆಳೆಯನ ಕೈ ಸೋತು ಮುಖ ಬಾಡಿತ್ತು, ಆದರೂ ಕಡ್ಡಿ ನಿಲ್ಲಿಸಲಿಲ್ಲ. ನಾನು ಆಕೆಯ ದನಿಯನ್ನು ಒಂದು ಕೂದಲಿನಷ್ಟೂ ಏರಿಸಲಿಲ್ಲ, ಇಳಿಸಲಿಲ್ಲ. ಅದು ನನ್ನ ಸಹಾಯವಿಲ್ಲದೆ ತಗಡಿಗೆ ಮುಟ್ಟುತ್ತಿತ್ತು. ಮೊದಲಿನ ಜಾಗಕ್ಕೇ ಬಂದು ಚೀಲ ಇಳಿಯಿತು. ಅದರ ಹಿಂದೆಯೇ ಸ್ವರ ಇಳಿಯಿತು.

ನಾನು ಅತ್ತೆ. ಬ್ಯಾಡಗಿ ಪೇಟೆಯಲ್ಲಿ ಕಣ್ಣಲ್ಲಿ ನೀರು ಬಂದರೆ ಯಾಕೆಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ನಾನೇ ಹಾಡಿದ ಹಾಡು, ನಾನು ಯಾವತ್ತೂ ಹಾಡದಷ್ಟು ದೊಡ್ಡದಾಗಿ ಕೇಳಿತ್ತು. ಅದನ್ನು ಕಟ್ಟಿದವನು ನಾನು ಎಂಬ ಹೆಮ್ಮೆಯಿಂದ ಎದೆ ತುಂಬಿಹೋಗಿತ್ತು.

ಸಿಳ್ಳೆ, ಕೇಕೆ ನಿಲ್ಲುವ ಮೊದಲೇ ಹಿರಿಯ ಹಮಾಲ ತಟ್ಟೆ ಹಿಡಿದು ವೇದಿಕೆ ಹತ್ತಿದ. ನನಗೆ ಮೊದಲ ಟವೆಲ್ ಹಾಕಿದವನೇ ಆತ. ಈಗ ಗಡ್ಡ ಪೂರ್ತಿ ಬೆಳ್ಳಗಾಗಿದೆ. ತಟ್ಟೆಯಲ್ಲಿ ಒಂದು ಕುಬಸದ ಕಣ, ಒಂದು ಟವೆಲ್ ಎರಡೂ ಇದ್ದವು.

"ಯವ್ವಾ, ನಮ್ಮೊಳಗ ತಂಟೆ ಇತ್ತು. ಹೆಣ್ಣುಮಗಳಿಗೆ ಟವೆಲ್ ಹಾಕೂದು ಛಲೋ ಅಲ್ಲ ಅಂದ್ರು ಕೆಲವ್ರು. ಅದಕ್ಕ ಎರಡೂ ತಂದೇವಿ."

ಆತ ಟವೆಲ್ ಬಿಡಿಸಿ, ಎರಡು ಸಲ ಝಾಡಿಸಿ, ಆಕೆಯ ಹೆಗಲಿಗೆ ಹಾಕಿದ. ಆಮೇಲೆ ಕಣ ಹಿಡಿದು ಕೆಳಗೆ ನನ್ನ ಹತ್ತಿರ ಬಂದ. "ತಮ್ಮಾ, ಇದು ನಿಮ್ಮ ಮನಿಯಾಕಿಗೆ. ಲಗೂ ಹೇಳು ಈಗ, ಆಯಾರ ಮುಟ್ಟಲಿ."

ಮಿಕ್ಸರ್ ಪಕ್ಕದಲ್ಲಿ ಒಂದು ಮೈಕ್ ಇತ್ತು. ಎತ್ತಿಕೊಂಡೆ. ಆಕೆ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಯಾವ ಮಾತು ಬರುತ್ತದೆ ಎಂದು ಕಾಯುತ್ತಿದ್ದಳು. ನನ್ನ ಒಡೆದ ದನಿ ತಗಡಿನ ತುಂಬ ಕರಕರ ಎಂದಿತು.

"ಬ್ಯಾಡಗಿ ಪೇಟೆಯ ಹಮಾಲರ ಕಡೆಯಿಂದ, ಹಾಡುವವರಿಗೆ ಒಂದು ಟವೆಲ್."

ಆಕೆ ಅದರ ಅಂಚಿನಿಂದ ಮುಖದ ಮೇಲಿನ ಕೆಂಪು ಧೂಳು ಒರೆಸಿಕೊಂಡಳು.

ಮನೆಗೆ ಬಂದು ಹೆಂಡತಿಯ ಕೈಗೆ ಕಣ ಕೊಟ್ಟೆ. ಆಮೇಲೆ ಕಪಾಟು ತೆಗೆದು, ಎಲ್ಲಕ್ಕಿಂತ ಕೆಳಗಿದ್ದ ಮೊದಲನೆಯ ಟವೆಲ್ ಎಳೆದು ಅದನ್ನೂ ಕೊಟ್ಟೆ.

"ಇದನ್ಯಾಕ?" ಎಂದಳು.

"ಕೈ ಒರೆಸಾಕ ಅರಿವಿ ಇಲ್ಲ ಅಂತಿದ್ದೆಲ್ಲ."

ಅವಳು ಒಳಗೆ ಹೋಗಿ ಅಡುಗೆ ಮನೆಯ ಮೊಳೆಗೆ ಅದನ್ನು ತೂಗುಹಾಕಿದಳು. ಈಗ ಅದಕ್ಕೆ ಅರಿಶಿನದ ಕಲೆ ಹತ್ತಿದೆ. ಊಟವಾದ ಮೇಲೆ ನಾನೂ ಅದಕ್ಕೇ ಕೈ ಒರೆಸುತ್ತೇನೆ.