ಥೀಟಾದಿಂದ ವಾಪಸ್ ಬರುವುದು

ಚಳಿಗಾಲ ಬಂತೆಂದರೆ ರಾಜಧಾನಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಗಳಲ್ಲಿ ಇಡೀ ಸಂಸಾರ ಒಂದೇ ಕೋಣೆಗೆ ಸೇರಿಕೊಳ್ಳುತ್ತಿದ್ದ ಕಾಲ ಅದು. ನಮ್ಮಲ್ಲೂ ಇದ್ದದ್ದು ಒಂದೇ ಹೀಟರ್. ಅದು ಕಾಯುವಾಗಿನ ಸುಟ್ಟ ಧೂಳಿನ ವಾಸನೆ, ಹುರಿದ ಕಡಲೆಕಾಯಿಯ ಘಮ, ಹೊರಗೆ ಬ್ಯಾಡ್ಮಿಂಟನ್ ಆಡುವವರ ಕೂಗು. ನಾನಾಗ ಹನ್ನೆರಡನೇ ತರಗತಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಸಂಜೆ ಬಂದವರೇ ನಾನು ಹೊದ್ದ ರಜಾಯಿಯ ಅಂಚಿನಲ್ಲಿ ಕುಳಿತು ನನಗೆ ಗಣಿತ ಹೇಳಿಕೊಡುತ್ತಿದ್ದರು. ಇಬ್ಬರೂ ಮಾತು ಕಡಿಮೆಯವರು. ನಾವು ನಿಜವಾಗಿ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಅಮ್ಮನಿಗೆ ಈ ಏರ್ಪಾಡಿನಲ್ಲಿ ನಂಬಿಕೆ ಇರಲಿಲ್ಲ. "ಪ್ರೀ-ಬೋರ್ಡ್ ಪರೀಕ್ಷೇಲಿ ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಟ್ಯೂಷನ್‌ಗೆ ಸೇರಿಸ್ತೀನಿ. ಆಮೇಲೆ ಅಪ್ಪ ಮಗಳು ಮುಖ ಊದಿಸ್ಕೋಬೇಡಿ."

ನನಗೆ ತಲೆಗೆ ಹತ್ತದಿದ್ದುದು ಇಂಟಿಗ್ರೇಷನ್ನಿನ ಸಬ್‌ಸ್ಟಿಟ್ಯೂಷನ್. ವರ್ಗಮೂಲದೊಳಗೆ ಒಂಬತ್ತರಿಂದ ಎಕ್ಸ್ ವರ್ಗ ಕಳೆದಿದ್ದರೆ, ಎಕ್ಸ್ ಬದಲು ಮೂರು ಸೈನ್ ಥೀಟಾ ಇಡಬೇಕಂತೆ.

"ಸೈನ್ ಎಲ್ಲಿಂದ ಬಂತಪ್ಪಾ? ಲೆಕ್ಕದಲ್ಲಿ ಟ್ರಯಾಂಗಲ್ಲೇ ಇಲ್ವಲ್ಲ."

"ಇಲ್ಲ, ನಾವೇ ತರೋದು. ಹಾಗಿಟ್ರೆ ಒಳಗೆ ಕಾಸ್ ವರ್ಗ ಉಳಿಯುತ್ತೆ. ವರ್ಗಮೂಲದ ಕಾಟವೇ ಇಲ್ಲ, ನೋಡು."

"ಅಚ್ಛಾ," ಎಂದೆ. ಅರ್ಥವಾಗದಾಗಲೆಲ್ಲ ನಾನು ಹೇಳುತ್ತಿದ್ದುದು ಅದನ್ನೇ.

"ನಿನ್ನ ಅಚ್ಛಾ ನಂಗೊತ್ತಿಲ್ವಾ?" ಅಪ್ಪ ನಕ್ಕರು. "ಇರ್ಲಿ. ಕೆಲಸ ಮುಗಿದ ಮೇಲೆ ಥೀಟಾದಿಂದ ಎಕ್ಸ್‌ಗೆ ವಾಪಸ್ ಬರ್ಬೇಕು. ಅದೊಂದು ಮರೀಬೇಡ."

ಶಾಲೆಯಲ್ಲಿ ಮೇಡಂ ಬೇರೆಯೇ ಹೇಳಿದರು. ಲಿಮಿಟ್‌ಗಳನ್ನು ಕೊಟ್ಟಿದ್ದರೆ ಅವನ್ನೇ ಥೀಟಾಕ್ಕೆ ಬದಲಿಸಿಕೊಳ್ಳಿ, ವಾಪಸ್ ಬರುವ ಅಗತ್ಯವೇ ಇಲ್ಲ. ಯಾರ ಮಾತು ಸರಿ? ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಅವರಿಗೆ ಬೇಜಾರಾದೀತು, ಮೇಡಮ್ಮೇ ಹೇಳಿಕೊಡಲಿ ಎಂದು ಪುಸ್ತಕ ಮುಚ್ಚಿಬಿಟ್ಟಾರು ಅನ್ನಿಸಿತು.

ಪ್ರೀ-ಬೋರ್ಡ್‌ನಲ್ಲಿ ಅದೇ ಲೆಕ್ಕ ಬಂತು, ಸೊನ್ನೆಯಿಂದ ಮೂರರವರೆಗೆ. ನಾನು ಇಬ್ಬರ ಮಾತನ್ನೂ ಪಾಲಿಸಿದೆ. ಮೇಡಂ ಹೇಳಿದಂತೆ ಲಿಮಿಟ್ ಬದಲಿಸಿದೆ. ಅಪ್ಪ ಹೇಳಿದಂತೆ ಎಕ್ಸ್‌ಗೆ ವಾಪಸ್ ಬಂದೆ. ಆಮೇಲೆ ಮೂರು ಇಡಬೇಕಾದ ಕಡೆ ಥೀಟಾದ ಲಿಮಿಟ್ ಪೈ ಬೈ ಟೂ ಇಟ್ಟೆ. ಅಂಥ ಲೆಕ್ಕಗಳೆಲ್ಲ ಹಾಗೇ ಹೋದವು.

ಅಪ್ಪ ಉತ್ತರಪತ್ರಿಕೆಯನ್ನು ಹೀಟರಿನ ಕೆಂಪು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೇಡಂ ಹೀಗೂ ಮಾಡ್ಬಹುದು ಅಂದಿದ್ರಾ?"

"ಹ್ಞೂಂ."

"ಅದೂ ಸರೀನೇ ಕಣಮ್ಮಾ. ಅಲ್ಲೇ ಉಳಿದ್ರೆ ಅಲ್ಲಿಯ ಲಿಮಿಟ್, ವಾಪಸ್ ಬಂದ್ರೆ ಇಲ್ಲಿಯದು. ನೀನು ವಾಪಸ್ ಬಂದು ಅಲ್ಲಿಯದನ್ನ ಹಾಕಿದ್ದೀಯ." ಉತ್ತರಪತ್ರಿಕೆ ಮಡಿಸುತ್ತ, "ಒಂದು ಮಾತು ಕೇಳ್ಬಹುದಿತ್ತು," ಎಂದರು.

ನಾನು ಕಡಲೆಕಾಯಿ ಸಿಪ್ಪೆಗಳನ್ನು ಒಟ್ಟುಮಾಡುತ್ತ ಕುಳಿತೆ. ಮುಂದಿನ ವಾರ ಟ್ಯೂಷನ್ ಶುರುವಾಯಿತು, ಸರಿಯಾಗಿ ಅಪ್ಪ ಹೇಳಿಕೊಡುತ್ತಿದ್ದ ಅದೇ ಹೊತ್ತಿಗೆ. ಬೋರ್ಡ್ ಪರೀಕ್ಷೆಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕಗಳೇ ಬಂದವು.

ಅಪ್ಪ ನಿವೃತ್ತರಾದ ಮೇಲೆ ಆ ಮನೆ ಬಿಟ್ಟು ಇಂದಿರಾಪುರಂನ ಎತ್ತರದ ಫ್ಲ್ಯಾಟಿಗೆ ಬಂದೆವು. ಇಲ್ಲಿ ಪ್ರತಿ ಕೋಣೆಗೂ ಒಂದು ಹೀಟರ್ ಇದೆ. ಧೂಳು ಸುಡುವ ವಾಸನೆ ಬರುವುದಿಲ್ಲ. ಕಳೆದ ಚಳಿಗಾಲದ ಒಂದು ಸಂಜೆ, ಯಾಕೆಂದು ತಿಳಿಯದೆ, ಅಪ್ಪನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ.

"ಏನಮ್ಮಾ, ಏನಾದ್ರೂ ಕೇಳ್ಬೇಕಿತ್ತಾ?"

"ಏನಿಲ್ಲಪ್ಪಾ."

ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಚ್ಛಾ," ಎಂದರು.