ಅಕ್ಕ ಹೇಳಿದ ಟೊಲೆಡೊ

ಸ್ಪೇನಿಗೆ ಹೋಗಬೇಕೆಂಬುದು ನನ್ನ ಆಸೆಯಾಗಿತ್ತು, ಅಕ್ಕನದಲ್ಲ. ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದೆ. ಮುಸಲ್ಮಾನರು, ಯಹೂದಿಗಳು, ಕ್ರೈಸ್ತರು ಒಂದೇ ಗುಡ್ಡದ ಮೇಲೆ ಅಕ್ಕಪಕ್ಕ ಬಾಳಿದ ಟೊಲೆಡೊ ಎಂಬ ಊರಿನ ಬಗ್ಗೆ ಓದಿದಾಗಿನಿಂದ, ಅದನ್ನೊಮ್ಮೆ ಕಣ್ಣಾರೆ ನೋಡಬೇಕು ಎಂದು ಗಂಡನ ಹತ್ತಿರ ಹೇಳುತ್ತಲೇ ಇದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಜಯನಗರದಲ್ಲಿ ಎಲ್ಲಿ ನೋಡಿದರೂ ಯೂರೋಪ್ ಟೂರಿನ ಬೋರ್ಡುಗಳು ಕಾಣತೊಡಗಿದವು. ಅಂಥ ಒಂದು ಟೂರಿನಲ್ಲಿ ಟೊಲೆಡೊ ಕೂಡ ಇತ್ತು, ಬರೀ ಅರ್ಧ ದಿನ. ನಾವಿಬ್ಬರೇ ಹೋಗಿಬರುವುದೆಂದು ತೀರ್ಮಾನವಾಯಿತು.

ಆಗ ಅತ್ತೆ, "ದೊಡ್ಡವಳನ್ನೂ ಕರ್ಕೊಂಡ್ ಹೋಗಿ. ಅವಳ ಗಂಡನಿಗೆ ವಿಮಾನ ಅಂದ್ರೆ ಭಯ. ನೀವು ಬಿಟ್ರೆ ಅವಳನ್ನ ಇನ್ಯಾರು ಕರ್ಕೊಂಡ್ ಹೋಗ್ತಾರೆ?" ಎಂದರು.

ದೊಡ್ಡವಳು ಎಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಜಯನಗರದ ಆ ಮನೆಯಲ್ಲಿ ಎರಡು ಸಂಸಾರವೂ ಒಟ್ಟಿಗೇ ಇದ್ದವು. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಮದುವೆಯಾಗಿ ಬಂದ ಹೊಸದರಲ್ಲೇ ಶುರುವಾಗಿತ್ತು. ಚಿನ್ನಕ್ಕೋ ಸೀರೆಗೋ ಅಲ್ಲ, ಅವರ ಮಾತಿಗೆ. ಕೊತ್ತಂಬರಿ ಸೊಪ್ಪು ತರಲು ಶಾಪಿಂಗ್ ಕಾಂಪ್ಲೆಕ್ಸಿನವರೆಗೆ ಹೋಗಿ ಬಂದರೂ ಅಕ್ಕನ ಬಳಿ ಹೇಳಲು ಏನಾದರೂ ಇರುತ್ತಿತ್ತು. ಮಾವನವರು ಪೇಪರ್ ಮಡಿಚಿಟ್ಟು ಕೇಳುತ್ತಿದ್ದರು. ನಾನು ಇಡೀ ದಿನ ಸ್ಕೂಲಿನಲ್ಲಿ ಕಳೆದು ಬಂದರೆ, "ಕಾಫಿ ಫ್ಲಾಸ್ಕಲ್ಲಿದೆ" ಎನ್ನುವುದು ಬಿಟ್ಟರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಅಂತೂ ಮೂವರು ಹೊರಟೆವು. ಮ್ಯಾಡ್ರಿಡ್‌ನ ಹೋಟೆಲಿನ ಮೆಟ್ಟಿಲಲ್ಲಿ ಅಕ್ಕನ ಕಾಲು ಉಳುಕಿತು. ಮಾರನೆಯ ದಿನ ಟೊಲೆಡೊ ತಲುಪುವ ಹೊತ್ತಿಗೆ ಅದು ಊದಿಕೊಂಡು ಚಪ್ಪಲಿಯೊಳಗೆ ಹೋಗದಂತಾಗಿತ್ತು. ಬಸ್ಸು ಗುಡ್ಡದ ಕೆಳಗೆ, ನದಿಯ ಪಕ್ಕ ನಿಂತಿತು. ಊರು ಮೇಲೆ. ಇನ್ನು ಮೂರು ಗಂಟೆಯಲ್ಲಿ ವಾಪಸ್ ಬರಬೇಕೆಂದು ಗೈಡ್ ಹೇಳಿದ.

ಅಕ್ಕ ತಲೆ ಎತ್ತಿ ಗುಡ್ಡ ನೋಡಿದರು. "ನನ್ ಕೈಲಾಗಲ್ಲ. ನೀವಿಬ್ಬರೂ ಹೋಗ್ಬನ್ನಿ. ಇಲ್ಲೇ ಎಲ್ಲಾದ್ರೂ ಕೂತಿರ್ತೀನಿ."

"ಅಯ್ಯೋ ಪಾಪ, ಇಷ್ಟು ದೂರ ಬಂದು," ಎಂದೆ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಸೇತುವೆಯ ಹತ್ತಿರವಿದ್ದ ಕಾಫಿ ಅಂಗಡಿಯ ಹೊರಗೆ, ಒಂದು ಕುರ್ಚಿಯಲ್ಲಿ ಅವರನ್ನು ಕೂರಿಸಿ, ಇನ್ನೊಂದರ ಮೇಲೆ ಅವರ ಕಾಲಿಟ್ಟು, ಹೊರಟೆವು.

ಆ ಮೂರು ಗಂಟೆಯಲ್ಲಿ ಒಂದು ನಿಮಿಷವನ್ನೂ ನಾನು ಹಾಳು ಮಾಡಲಿಲ್ಲ. ನಮ್ಮ ಗುಂಪಿನವರು ಕತ್ತಿ ಮಾರುವ ಅಂಗಡಿಗಳಲ್ಲಿ ನಿಂತುಬಿಟ್ಟರು. ನಾನು ಗಂಡನ ಕೈ ಹಿಡಿದು ಎಳೆದುಕೊಂಡು ಮೊದಲು ದೊಡ್ಡ ಚರ್ಚಿಗೆ ಹೋದೆ. ಅಲ್ಲಿ ಬಲಿಪೀಠದ ಹಿಂದಿನ ಅಮೃತಶಿಲೆಯ ವಿಗ್ರಹಗಳ ಮೇಲೆ ಬಿಸಿಲು ಬೀಳಲೆಂದು ಚಾವಣಿಯನ್ನೇ ಕೊರೆದು ಬಿಟ್ಟಿದ್ದಾರೆ. ದೊಡ್ಡ ಪಾದ್ರಿಗಳ ಸಮಾಧಿಗಳ ಮೇಲೆ ಅವರ ಟೋಪಿಗಳು ಚಾವಣಿಯಿಂದ ನೇತಾಡುತ್ತಿದ್ದವು. ತಾವಾಗಿಯೇ ಜೀರ್ಣವಾಗಿ ಬೀಳುವವರೆಗೂ ಅವನ್ನು ಯಾರೂ ಮುಟ್ಟುವುದಿಲ್ಲವಂತೆ. ಅಲ್ಲಿಂದ ಕಿರಿದಾದ ಗಲ್ಲಿಗಳಲ್ಲಿ ದಾರಿ ಕೇಳುತ್ತಾ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರ ಹುಡುಕಿದೆ. ಕುದುರೆ ಲಾಳದ ಆಕಾರದ ಬಿಳಿ ಕಮಾನುಗಳು, ಒಂದರ ಹಿಂದೆ ಒಂದು. ಕಟ್ಟಿದ ಕೈಗಳು ಮುಸಲ್ಮಾನರವು, ಪೂಜೆ ಯಹೂದಿಗಳದು, ಆಮೇಲೆ ಅದು ಚರ್ಚಾಯಿತು. ಗಂಡ ಎಲ್ಲ ಕಡೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಕೊನೆಗೆ ಒಂದು ಅಂಗಡಿಯಲ್ಲಿ ಅಲ್ಲಿಯ ಬಾದಾಮಿ ಸಿಹಿ ಕೊಂಡು, ಇಳಿಜಾರಿನಲ್ಲಿ ಓಡೋಡಿ ಬಂದು ಬಸ್ಸು ಹತ್ತಿದೆವು.

ಅಕ್ಕ ಆಗಲೇ ಬಂದು ಕೂತಿದ್ದರು. ಪಕ್ಕದ ಸೀಟು ತಟ್ಟಿ, "ಬಾ ಇಲ್ಲಿ. ಏನೇನ್ ನೋಡ್ದೆ? ಒಂದೂ ಬಿಡ್ದೆ ಹೇಳು," ಎಂದರು.

ಮ್ಯಾಡ್ರಿಡ್ ಬರುವವರೆಗೂ ಹೇಳಿದೆ. ನನ್ನ ಬಳಿ ಇದ್ದು ಅಕ್ಕನ ಬಳಿ ಇಲ್ಲದ್ದು ಅಂತ ಮೊದಲ ಸಲ ಏನೋ ಸಿಕ್ಕಿತ್ತು. ಅವರು ಬಿಡಿಸಿ ಬಿಡಿಸಿ ಕೇಳಿದರು. "ಟೋಪಿ ಯಾವ ಬಣ್ಣ?" "ಬಿಸಿಲು ನೇರ ಬೀಳತ್ತಾ, ಓರೆಯಾಗಾ?" "ಆ ಸಿಹಿ ನಮ್ಮ ಬಾದಾಮಿ ಬರ್ಫಿ ಥರಾನಾ?" ಪಾಪ, ಹೊಟ್ಟೆ ಉರಿಯುತ್ತಿರಬೇಕು ಎಂದುಕೊಂಡೆ. ಇನ್ನಷ್ಟು ಚೆನ್ನಾಗಿ ಹೇಳಿದೆ.

ಊರಿಗೆ ಬಂದ ಮೊದಲ ಶುಕ್ರವಾರ ಅತ್ತೆಯ ಭಜನೆಯ ಗೆಳತಿಯರು ಮನೆಗೆ ಬಂದರು. ನಾನು ಕೋಸಂಬರಿ ಹಂಚಿ ನಡುಮನೆಗೆ ಬರುವಷ್ಟರಲ್ಲಿ ಅಕ್ಕ ಟೊಲೆಡೊ ಹೇಳುತ್ತಿದ್ದರು.

"ಒಳಗೆ ಕಾಲಿಟ್ರೆ ತಂಪು ಅಂದ್ರೆ ತಂಪು. ಕತ್ತಲೆ. ಏನೂ ಕಾಣಲ್ಲ. ಹಾಗೇ ಸುತ್ತಿ ಹಿಂದಕ್ಕೆ ಹೋದ್ರೆ, ಮೇಲಿಂದ ಬಿಸಿಲು ಧುಮುಕ್ತಾ ಇದೆ. ಕಲ್ಲಿನ ಮಕ್ಕಳೆಲ್ಲ ಈಗ ತಾನೇ ಎದ್ದು ಕಣ್ ಬಿಟ್ಟಂಗೆ."

ಕಣ್ಣು ಬಿಟ್ಟ ಮಕ್ಕಳನ್ನು ನಾನು ಹೇಳಿರಲಿಲ್ಲ. ಅವು ದೇವದೂತರ ವಿಗ್ರಹಗಳು ಎಂದಷ್ಟೇ ಹೇಳಿದ್ದೆ. ಅಕ್ಕ "ನಾನು" ಎಂದು ಬಾಯಿ ತಪ್ಪಿಯಾದರೂ ಅನ್ನುತ್ತಾರೇನೋ ಎಂದು ಬಾಗಿಲಲ್ಲೇ ನಿಂತು ಕಾದೆ. ಅನ್ನಲೇ ಇಲ್ಲ. ಹೋದ್ರೆ, ನೋಡಿದ್ರೆ, ಬಂದ್ರೆ. ನಮ್ಮ ಭಾಷೆಯಲ್ಲಿ ಹೋದವರು ಯಾರೆಂದು ಹೇಳದೆಯೇ ಒಂದು ಊರನ್ನು ಪೂರಾ ಸುತ್ತಿ ಬರಬಹುದು ಎಂದು ನನಗೆ ಆವತ್ತು ಗೊತ್ತಾಯಿತು.

ಟೋಪಿಗಳ ಮಾತು ಬಂದಾಗ ಹೆಂಗಸರೆಲ್ಲ ತಲೆ ಎತ್ತಿ ನಮ್ಮ ಮನೆಯ ಫ್ಯಾನು ನೋಡಿದರು. ಆಮೇಲೆ ಅಕ್ಕ ನಾನು ನೋಡದ್ದನ್ನೂ ಹೇಳಿದರು. ಸೇತುವೆಯ ಬುಡದಿಂದ ನೋಡಿದರೆ ಇಡೀ ಊರು ನದಿಯ ಮೇಲೆ ದಸರಾ ಬೊಂಬೆ ಕೂರಿಸಿದ ಹಾಗೆ ಕಾಣುವುದು, ಮೋಡ ಸರಿದಂತೆ ಒಂದೊಂದೇ ಸಾಲು ಮನೆ ಬೆಳಗುವುದು. ಅದರ ಮಧ್ಯದಲ್ಲೇ ಓಡಾಡಿದ ನನಗೆ ಗೋಡೆಗಳು ಕಂಡಿದ್ದವು, ಗಡಿಯಾರ ಕಂಡಿತ್ತು, ಊರು ಹೀಗೆ ಕಂಡಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಿ, "ನೀನೂ ಹೋಗಿದ್ಯಲ್ಲ, ನೀನೇನ್ ನೋಡ್ದೆ?" ಎಂದರು.

"ಅದೇ, ಅಕ್ಕ ಹೇಳಿದ್ದೇ," ಎಂದು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಫೋಟೊಗಳು ಬರಲಿ ಎಂದು ಕಾದೆ. ರೋಲ್ ತೊಳೆಸಿ ಪ್ರಿಂಟ್ ಹಾಕಿಸಿದ ದಿನ, ಸ್ಟುಡಿಯೊದಿಂದ ನೇರ ಮನೆಗೆ ಬಂದು, ಎಲ್ಲರೂ ಕಾಫಿಗೆ ಕೂತಿರುವಾಗ ಆಲ್ಬಮ್ ಬಿಚ್ಚಿಟ್ಟೆ. ಚರ್ಚಿನ ಬಾಗಿಲಲ್ಲಿ ನಾನು, ಗಲ್ಲಿಯಲ್ಲಿ ನಾನು, ಬಿಳಿ ಕಮಾನುಗಳ ನಡುವೆ ನಾನು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ತಿರುಗಿಸಿದರು.

"ದೊಡ್ಡವಳು ಎಲ್ಲೂ ಇಲ್ವಲ್ಲ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಲೋಟ ಕೆಳಗಿಟ್ಟು ಆರಾಮಾಗಿ ನಕ್ಕರು. "ನಾನೆಲ್ಲಿರ್ತೀನಿ ಅತ್ತೆ? ಕಾಲು ಊದ್ಕೊಂಡು ಕೆಳಗೇ ಕೂತಿದ್ದೆ. ಮೇಲೆ ಹೋಗೇ ಇಲ್ಲ. ಇವಳು ನೋಡ್ಕೊಂಡ್ ಬಂದು ಹೇಳಿದ್ದೇ ನಾನು ಹೇಳಿದ್ದು."

ಮಾವನವರು ಜೋರಾಗಿ ನಗತೊಡಗಿದರು. "ನೋಡ್ದೇನೇ ಹೀಗೆ ಹೇಳ್ತಾಳೆ ಅಂದ್ರೆ, ನೋಡಿದ್ರೆ ಇನ್ ಹೇಗ್ ಹೇಳ್ತಿದ್ಳೋ." ಅತ್ತೆಯೂ ನಕ್ಕರು. ನನ್ನ ಗಂಡನೂ ನಕ್ಕರು. ಆಲ್ಬಮ್ ಅರ್ಧಕ್ಕೇ ಟೀಪಾಯಿಯ ಮೇಲೆ ಉಳಿಯಿತು.

ಸಂಜೆ ಅಡುಗೆಮನೆಯಲ್ಲಿ ಅಕ್ಕ ಅವರೆಕಾಳು ಬಿಡಿಸುತ್ತಾ, "ಬೇಜಾರಾಯ್ತಾ?" ಎಂದು ಕೇಳಿದರು.

"ಇಲ್ಲಪ್ಪ."

"ಬಸ್ಸಲ್ಲಿ ಎಷ್ಟ್ ಚೆನ್ನಾಗ್ ಹೇಳ್ದೆ ನೀನು. ನೀನು ಹೇಳ್ದಿದ್ರೆ ನಾನು ಅಷ್ಟ್ ದೂರ ಹೋಗಿ ಕಾಫಿ ಅಂಗಡಿ ನೋಡ್ಕೊಂಡ್ ಬಂದಂಗೆ ಆಗ್ತಿತ್ತು. ಇವ್ರ ಹತ್ರ ಯಾಕ್ ಹಂಗ್ ಹೇಳಲ್ಲ?"

ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಅವ್ರು ಕೇಳಲ್ಲ, ಅಕ್ಕ," ಎಂದೆ. ಅವರು ಇನ್ನೊಂದು ಅವರೆಕಾಯಿ ಸುಲಿದು, "ಕೇಳಲಿ ಅಂತ ಕಾಯ್ಬಾರ್ದು ಕಣೆ," ಎಂದರು.

ಆ ವರ್ಷ ಒಂಬತ್ತನೇ ತರಗತಿಗೆ ಮಧ್ಯಯುಗದ ಯೂರೋಪಿನ ಪಾಠ ತೆಗೆದಾಗ ಮಕ್ಕಳು ಎಂದಿನಂತೆ ಆಕಳಿಸುತ್ತಿದ್ದರು. ನಾನು ಪುಸ್ತಕ ಮುಚ್ಚಿದೆ. ಕತ್ತಲೆ, ತಂಪು, ಧುಮುಕುವ ಬಿಸಿಲು, ಕಣ್ಣು ಬಿಟ್ಟ ಕಲ್ಲಿನ ಮಕ್ಕಳು, ಎಲ್ಲ ಹೇಳಿದೆ. ಕೊನೆಯ ಬೆಂಚಿನವರೂ ಮುಂದಕ್ಕೆ ಬಾಗಿ ಕೇಳಿದರು. ಕಂಡ ಕಣ್ಣು ನನ್ನದೇ ಆದರೂ ಬಾಯಿಂದ ಬರುತ್ತಿದ್ದುದು ಅಕ್ಕನ ಮಾತು. ಅಷ್ಟು ಖುಷಿಯ ನಡುವೆಯೂ ಅದೊಂದು ಚುಚ್ಚುತ್ತಲೇ ಇತ್ತು.

ಒಬ್ಬ ಹುಡುಗಿ ಎದ್ದು, "ಮಿಸ್, ನಿಜವಾಗ್ಲೂ ನೋಡಿದೀರಾ?" ಎಂದು ಕೇಳಿದಳು.

"ನಾನೇ ನೋಡಿದೀನಿ," ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಅವಳು ಥಟ್ಟನೆ ಕೂತುಬಿಟ್ಟಳು.

ಸಂಜೆ ಮನೆಗೆ ಹೋದ ಮೇಲೆ ಈ ಸಂಗತಿಯನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ರಾತ್ರಿ ಊಟದ ಹೊತ್ತಿಗೆ ಅವರು ಅದನ್ನೂ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.